ಸ್ಮಿತ್‌ಬಾಯಿಯ ಅಡ್ಡಹೆಸರು

ಫ್ರಾಂಕ್‌ಫರ್ಟಿನ ಜನನ ನೋಂದಣಿ ಕಚೇರಿಯಲ್ಲಿ ಅಣ್ಣನ ಮಗ ಪ್ರಕಾಶನ ಪಕ್ಕ ಕೂತಿದ್ದೆ. ಅವನ ಮೂರು ವಾರದ ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ಪ್ರಕಾಶನ ಪಾಸ್‌ಪೋರ್ಟು, ಇಲ್ಲಿ ಕೆಲಸ ಮಾಡಲು ಕೊಟ್ಟ ಬ್ಲೂ ಕಾರ್ಡು ಎರಡರಲ್ಲೂ ಮನೆತನದ ಅಡ್ಡಹೆಸರು ಇರುವುದು ಕಮ್ಮಾರ ಎಂದೇ.

‘ಕೂಸಿಗೆ ಆ ಅಡ್ಡಹೆಸರು ಬ್ಯಾಡ ಅತ್ತಿ. ನನ್ನ ಹೆಸರ ಹಚ್ಚತೇನಿ, ಪ್ರಕಾಶ ಅಂತ,’ ಎಂದು ಟ್ರಾಮಿನಲ್ಲೇ ಹೇಳಿದ್ದ. ಶಾಲೆಯಲ್ಲಿ ಹುಡುಗರು ಅವನನ್ನು ಕುಲುಮೆಗೆ ಗಾಳಿ ಊದುವ ‘ತಿದಿ’ ಎಂದು ಕಾಡುತ್ತಿದ್ದುದು ನನಗೆ ಗೊತ್ತಿತ್ತು. ಫಾರ್ಮಿನಲ್ಲಿ ಪ್ರಕಾಶ ಎಂದೇ ಬರೆದುಕೊಟ್ಟ.

ಅಧಿಕಾರಿಯ ಮೇಜಿನ ಮೇಲೆ ಸ್ಮಿತ್ ಎಂಬ ಫಲಕವಿತ್ತು. ಇಂಗ್ಲಿಷರೇನು ಎಂದು ಪ್ರಕಾಶ ಕೇಳಿದ್ದಕ್ಕೆ ಆಕೆ ನಕ್ಕು ಜರ್ಮನ್‌ನಲ್ಲಿ ಏನೋ ಹೇಳಿದಳು. ಪ್ರಕಾಶ ನನಗೆ ತಿಳಿಸಿದ:

‘ಹುಟ್ಟಿದ್ದು ಇಲ್ಲೇ, ಶ್ಮಿಟ್ ಅನ್ನೋರ ಮನ್ಯಾಗಂತ. ಇಂಗ್ಲೆಂಡಿನ ಸ್ಮಿತ್‌ನ ಮದಿವಿ ಆದ್ಳಂತ. ಎರಡರದೂ ಅರ್ಥ ಒಂದ. ಎರಡೂ ದೇಶದಾಗ ಓಣಿಗೊಬ್ರು ಇದ್ದಾರಂತ.’

‘ಏನರ್ಥ?’

‘ಇರಲಿ ಬಿಡ್ರಿ.’

ನನ್ನ ಮುಖ ನೋಡಿ ಆಕೆಗೆ ಪ್ರಶ್ನೆ ತಿಳಿಯಿತೋ ಏನೋ, ಮುಷ್ಟಿ ಕಟ್ಟಿ ಮೇಜಿನ ಮೇಲೆ ಸುತ್ತಿಗೆಯಂತೆ ಬಡಿದಳು.

ನಾನು ಕುಲುಮೆಯ ಮಗ್ಗುಲಲ್ಲಿ ಬೆಳೆದವಳು. ಅಪ್ಪನ ಸಣ್ಣ ಸುತ್ತಿಗೆ ಬಿದ್ದಲ್ಲೇ ಅಣ್ಣನ ದೊಡ್ಡ ಸುತ್ತಿಗೆ ಬೀಳಬೇಕು. ಕೈ ತಡೆಯಲಿಲ್ಲ, ಆಕೆ ಬಡಿದಲ್ಲೇ ನಾನೂ ಬಡಿದೆ. ಆಕೆ ಮತ್ತೊಮ್ಮೆ, ನಾನು ಮತ್ತೊಮ್ಮೆ. ಪೆನ್ನಿನ ಡಬ್ಬಿ ಕುಣಿಯಿತು. ಆಚೆ ಮೇಜಿನವರು ತಿರುಗಿ ನೋಡಿದರು.

ಇಷ್ಟಾದರೂ ಕೂಸು ಏಳಲಿಲ್ಲ.

‘ಕಮ್ಮಾರರ ಕೂಸದು, ಹೆಂಗ ಎದ್ದೀತು,’ ಎಂದ ಪ್ರಕಾಶ. ಹಾಗೆಂದವನು ಬರೆದುಕೊಟ್ಟ ಫಾರ್ಮನ್ನು ಹಿಂದಕ್ಕೆ ತೆಗೆದುಕೊಂಡು, ಆಕೆಯ ಹತ್ತಿರ ಇನ್ನೊಂದು ಫಾರ್ಮ್ ಕೇಳಿದ.