ನಿಮಿಷಕ್ಕೆ ನಲವತ್ತು ಸುತ್ತು

ಗಡಿಯಾರ ರಿಪೇರಿಯವರ ಮಗಳನ್ನು ಬೀದಿಯವರೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದರು. ಆಳು ತೆಳ್ಳಗಿದ್ದಳು, ಅದೊಂದು ಕಾರಣ. ಅವಳ ಕೈಚೀಲದಿಂದ ಯಾವಾಗಲೂ ಡ್ರಮ್ ಬಾರಿಸುವ ಎರಡು ಕಡ್ಡಿ ಇಣುಕುತ್ತಿದ್ದವು, ಅದು ಇನ್ನೊಂದು. ಹಗಲೆಲ್ಲ ಅವಳು ಅಪ್ಪನ ಅಂಗಡಿಯ ಮುಂದುಗಡೆ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು ಕೈಗಡಿಯಾರಗಳ ಪಟ್ಟಿ ಬದಲಿಸುತ್ತಿದ್ದಳು, ಸೆಲ್ ಹಾಕುತ್ತಿದ್ದಳು. ಸಂಜೆ ಐದು ಹೊಡೆಯಿತೆಂದರೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಲ್ಲಿ ಅವಳ ಗುರುಗಳಿದ್ದರು. ಮೂವರು. ಮೂವರೂ ಅವಳು ಹುಟ್ಟುವುದಕ್ಕೆ ಮೊದಲೇ ತೀರಿಕೊಂಡವರು.

ಅವರು ಬಂದದ್ದು ಒಂದು ಚೀಲದಲ್ಲಿ. ಯಾರೋ ಒಬ್ಬರು ಕೆಟ್ಟುಹೋದ ರೆಕಾರ್ಡ್ ಪ್ಲೇಯರನ್ನೂ ಮೂರು ರೆಕಾರ್ಡುಗಳನ್ನೂ ಅಂಗಡಿಯಲ್ಲಿ ಇಟ್ಟುಹೋದವರು ಮತ್ತೆ ತಲೆ ಹಾಕಲೇ ಇಲ್ಲ. ಎರಡು ವರ್ಷ ಕಾದ ಮೇಲೆ, ಕಡ್ಡಿಗೆ ಹದಿನೇಳು ತುಂಬಿದಾಗ, ಅಪ್ಪ ಅದನ್ನು ರಿಪೇರಿ ಮಾಡಿ ಅವಳಿಗೆ ಕೊಟ್ಟರು. ಮೋಟಾರಿನ ತುದಿಯಲ್ಲಿ ಒಂದು ಹಿತ್ತಾಳೆ ಉಂಗುರ ಇರಬೇಕಿತ್ತು, ರಬ್ಬರ್ ಬೆಲ್ಟು ಅದರ ಮೇಲೆ ಓಡಬೇಕಿತ್ತು. ಉಂಗುರ ಎಲ್ಲೋ ಕಳೆದುಹೋಗಿತ್ತು. ಅಪ್ಪ ತಮ್ಮ ಪುಟ್ಟ ಲೇತಿನ ಮೇಲೆ ಹೊಸದೊಂದನ್ನು ಕಡೆದು ಕೂರಿಸಿದರು. ರೆಕಾರ್ಡು ತಿರುಗಿತು. ಜಾಜ್ ಎಂಬ ಸಂಗೀತ ಆ ಮನೆಯ ಕಿವಿಗೆ ಬಿದ್ದದ್ದು ಅಂದೇ ಮೊದಲು. ಕಡ್ಡಿ ನಿಂತಲ್ಲೇ ನಿಂತುಬಿಟ್ಟಳು.

ರೆಕಾರ್ಡಿನ ಹೊದಿಕೆಗಳ ಮೇಲಿನ ಹೆಸರುಗಳು ಗೆದ್ದಲಿನ ಪಾಲಾಗಿದ್ದವು, ಫೋಟೊಗಳು ಮಾತ್ರ ಉಳಿದಿದ್ದವು. ಹಾಗಾಗಿ ಅವಳು ಅವರನ್ನು ಟೋಪಿಯವರು, ಕನ್ನಡಕದವರು, ಗಡ್ಡದವರು ಎಂದು ಕರೆದಳು. ಟೋಪಿಯವರ ಮಹಿಮೆಯೆಲ್ಲ ಬಲಗೈಯಲ್ಲಿತ್ತು. ಕಂಚಿನ ದೊಡ್ಡ ತಟ್ಟೆಯ ಮೇಲೆ ಅವರ ಕಡ್ಡಿ ಟಿಂಗ್, ಟಿಂಗ್‌ಟ ಟಿಂಗ್ ಎಂದು ಹಾಡು ಮುಗಿಯುವ ತನಕ ನಡೆಯುತ್ತಲೇ ಇರುತ್ತಿತ್ತು. ಕನ್ನಡಕದವರು ತಂತಿಯ ಬ್ರಷ್ಷುಗಳಿಂದ ಡ್ರಮ್ಮಿನ ಚರ್ಮವನ್ನು ಅಂಗಳ ಗುಡಿಸಿದಂತೆ ಸವರುತ್ತಿದ್ದರು. ಗಡ್ಡದವರದು ಕಾಲು. ಪಾದದಲ್ಲಿ ಒತ್ತುವ ದೊಡ್ಡ ಡ್ರಮ್ಮು ಕೇಳಿಸುವುದಕ್ಕಿಂತ ಹೆಚ್ಚಾಗಿ ಎದೆಗೆ ತಾಗುತ್ತಿತ್ತು. ಕಡ್ಡಿ ತನಗೆ ತಾನೇ ಒಂದು ನಿಯಮ ಹಾಕಿಕೊಂಡಳು. ಒಬ್ಬರು ಕೈಗೆ ಕೂರುವ ತನಕ ಇನ್ನೊಬ್ಬರನ್ನು ಮುಟ್ಟುವಂತಿಲ್ಲ. ಚೌಕಳಿ ಪುಸ್ತಕದಲ್ಲಿ ಕಾಲಿಗೆ ಚುಕ್ಕೆ, ತಟ್ಟೆಗೆ ಗೀಟು, ಬ್ರಷ್ಷಿಗೆ ಸೊನ್ನೆ ಹಾಕಿ ಒಂದೊಂದು ಏಟನ್ನೂ ಬರೆದುಕೊಂಡಳು. ಮುಚ್ಚಿಹೋದ ಒಂದು ನೃತ್ಯಶಾಲೆಯಿಂದ ಹಳೆಯ ಡ್ರಮ್ಮುಗಳನ್ನು ಒಂದೊಂದಾಗಿ ತಂದು ಜೋಡಿಸಿದಳು. ಒಬ್ಬೊಬ್ಬರಿಗೆ ಮೂರು ವರ್ಷ ಹಿಡಿಯಿತು.

ಟೋಪಿಯವರ ರೆಕಾರ್ಡಿನಲ್ಲಿ ಹಾಡುಗಾರ್ತಿ ಒಬ್ಬಳಿದ್ದಳು. ಸಣ್ಣ, ಚೂಪು ದನಿ.

"ಇಷ್ಟು ಚೆನ್ನಾಗಿ ಹಾಡಿದ್ದಾಳೆ, ಪಾಪ, ಅವಳ ಫೋಟೊನೇ ಹಾಕಿಲ್ಲ ನೋಡು," ಎಂದು ಕಡ್ಡಿ ಒಮ್ಮೆ ಅಪ್ಪನಿಗೆ ಹೊದಿಕೆ ತೋರಿಸಿದಳು.

"ಚೆಂದ ಇಲ್ಲವೇನೋ," ಎಂದರು ಅಪ್ಪ, ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆ.

ಅಪ್ಪನ ಮೇಜಿಗೂ ಹಿಂದಿನ ಕೋಣೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಕಡ್ಡಿ ರೆಕಾರ್ಡಿನ ಜೊತೆ ಬಾರಿಸುತ್ತಿದ್ದರೆ ಆಚೆಯಿಂದ ಅಪ್ಪನ ದನಿ ಬರುತ್ತಿತ್ತು. "ಹಿಂದೆ ಬಿದ್ದೆ." ಅಷ್ಟೇ. ಗದರುವ ದನಿಯಲ್ಲ, ಬಾಗಿಲು ಹಾಕು ಎನ್ನುವ ದನಿ. ದಿನಕ್ಕೆ ಹತ್ತು ಸೆಕೆಂಡು ಹಿಂದೆ ಬೀಳುವ ಗಡಿಯಾರವನ್ನು ಕಿವಿಗೆ ಹಿಡಿದೇ ಪತ್ತೆ ಹಚ್ಚುವ ಮನುಷ್ಯ ಅವರು. ಅವರ ಮಾತನ್ನು ಅವಳು ಒಂದು ದಿನವೂ ಅನುಮಾನಿಸಲಿಲ್ಲ. ಹಲ್ಲು ಕಚ್ಚಿ ಇನ್ನಷ್ಟು ಜೋರಾಗಿ ಕೈ ಓಡಿಸಿದಳು. ನಾಲ್ಕನೆಯ ವರ್ಷ ಬಲ ಮಣಿಕಟ್ಟು ನೋಯತೊಡಗಿತು. ಆರನೆಯ ವರ್ಷ ಡಾಕ್ಟರು, "ಈ ಕೈಗೆ ರಜೆ ಕೊಡಮ್ಮ, ಇಲ್ಲದಿದ್ರೆ ಅದೇ ತಗೊಳ್ಳುತ್ತೆ," ಎಂದರು. ಅವಳು ಅಗಲವಾದ ಎರಡು ಗಡಿಯಾರದ ಪಟ್ಟಿಗಳನ್ನು ಸೇರಿಸಿ ಹೊಲಿದು, ಮಣಿಕಟ್ಟಿಗೆ ಬಿಗಿದುಕೊಂಡು ಬಾರಿಸಿದಳು.

ಇಷ್ಟೆಲ್ಲ ಪಾಡು ಒಂದು ಕುರ್ಚಿಗಾಗಿ. ಆ ಊರಿನಲ್ಲಿ ಜಾಜ್ ನುಡಿಸುವ ತಂಡ ಇದ್ದದ್ದು ಒಂದೇ. ರೈಲು ನಿಲ್ದಾಣದ ಎದುರಿನ ಹೋಟೆಲಿನ ಮಹಡಿಯಲ್ಲಿ ವಾರಕ್ಕೆರಡು ಸಂಜೆ ನುಡಿಸುತ್ತಿದ್ದ ಐವರು. ಆ ಡ್ರಮ್ಮುಗಳ ಹಿಂದಿನ ಕುರ್ಚಿ ಬಿಟ್ಟರೆ ಕಡ್ಡಿ ಜಗತ್ತಿನಲ್ಲಿ ಬೇರೆ ಏನನ್ನೂ ಬಯಸಿದವಳಲ್ಲ. ಒಂಬತ್ತನೆಯ ವರ್ಷ ಆ ಕುರ್ಚಿಯ ಮುದುಕರು ಮಗಳ ಮನೆ ಸೇರಿಕೊಂಡರು. ಕುರ್ಚಿ ಖಾಲಿಯಾಯಿತು.

ಕಡ್ಡಿ ಒಂದು ಮಧ್ಯಾಹ್ನ ಅಂಗಡಿಗೆ ರಜೆ ಹಾಕಿ ಹೋದಳು. ಮಹಡಿಯಲ್ಲಿ ಕುರ್ಚಿಗಳನ್ನೆಲ್ಲ ಮೇಜುಗಳ ಮೇಲೆ ಬೋರಲು ಹಾಕಿ ನೆಲ ಒರೆಸಿದ್ದರು. ತಂಡದ ಹಿರಿಯರು ಸ್ಯಾಕ್ಸೋಫೋನ್ ನುಡಿಸುವವರು, ಎಲ್ಲರಿಗೂ ಮೇಷ್ಟ್ರು. ಅವರ ಪಕ್ಕದಲ್ಲಿ ಆಳೆತ್ತರದ ತಂತಿವಾದ್ಯ ತಬ್ಬಿಕೊಂಡು ನಿಂತವನು ಡೊಳ್ಳುಹೊಟ್ಟೆಯ ಬಾಸ್‌ನವನು.

"ಯಾರ ಹತ್ರ ಕಲಿತೆ?"

ಅವಳು ಮೂವರ ಬಗ್ಗೆ ಹೇಳಿ, ಜೊತೆಗೆ ತಂದಿದ್ದ ಹೊದಿಕೆಗಳ ಫೋಟೊ ತೋರಿಸಿದಳು. ಮೇಷ್ಟ್ರ ಹುಬ್ಬು ಮೇಲೇರಿತು. "ದೊಡ್ಡವರನ್ನೇ ಹಿಡಿದಿದ್ದೀಯ. ಸರಿ, ಟೋಪಿಯವರ ಹಾಡೇ ಆಗಲಿ."

ಶುರು ಮಾಡಿದರು. ಎರಡನೆಯ ಸುತ್ತಿಗೆ ಕಡ್ಡಿ ಅವರಿಗಿಂತ ಮುಂದಿದ್ದಳು. ಮೂರನೆಯದಕ್ಕೆ ಮೇಷ್ಟ್ರು ಕೈ ಎತ್ತಿದರು.

"ಎಲ್ಲಿಗಮ್ಮ ಓಟ? ಬಸ್ಸು ತಪ್ಪಿಹೋಗುತ್ತಾ?"

ಮತ್ತೆ ಶುರು. ಅವಳು ಕೈಯನ್ನು ಎಳೆದು ಹಿಡಿದಳು. ಏಟುಗಳೆಲ್ಲ ಸರಿಯಾಗಿಯೇ ಬಿದ್ದವು, ಒಂದೂ ತಪ್ಪಲಿಲ್ಲ. ಆದರೆ ಆ ನಡಿಗೆಯಲ್ಲಿ ಅವು ಒಂದಕ್ಕೊಂದು ಅಂಟಲಿಲ್ಲ. ಕೈ ಕ್ಷಣಕ್ಕೊಮ್ಮೆ ಹಗ್ಗ ಜಗ್ಗುವ ಕರುವಿನಂತೆ ಮುಂದಕ್ಕೆ ಎಳೆಯಿತು.

"ಕೈ ಚುರುಕಾಗಿದೆ, ಅದರಲ್ಲಿ ತಕರಾರಿಲ್ಲ," ಎಂದರು ಮೇಷ್ಟ್ರು. "ಆದ್ರೆ ತೂಗ್ತಾ ಇಲ್ಲ. ಜಾಜ್ ಅಂದ್ರೆ ತೊಟ್ಟಿಲು ತೂಗಿದ ಹಾಗಿರಬೇಕು. ಇದು ಹೊಲಿಗೆ ಮಿಷನ್ನು."

"ನಂದೊಂದು ಪ್ಯಾಂಟಿದೆ ಮೇಷ್ಟ್ರೆ, ಸೊಂಟ ಬಿಚ್ಚಿಸಬೇಕಿತ್ತು," ಎಂದ ಬಾಸ್‌ನವನು.

ಕಡ್ಡಿಯ ಕಿವಿ ಕೆಂಪಾಯಿತು. "ನಾನು ಟೋಪಿಯವರ ಹಾಗೇ ಬಾರಿಸಿದ್ದೀನಿ. ಒಂದು ಏಟೂ ಬಿಟ್ಟಿಲ್ಲ. ಬೇಕಾದ್ರೆ ಪುಸ್ತಕ ನೋಡಿ."

"ಪುಸ್ತಕ ಯಾಕೆ, ಅವರನ್ನೇ ಕೇಳೋಣ," ಎಂದು ಮೇಷ್ಟ್ರು ಮೂಲೆಯ ಕಪಾಟಿನಿಂದ ಅದೇ ರೆಕಾರ್ಡು ತೆಗೆದು ಹೋಟೆಲಿನ ಪ್ಲೇಯರಿಗೆ ಹಾಕಿದರು.

ಟೋಪಿಯವರು ಸಂಜೆ ಗಾಳಿ ಸೇವಿಸಲು ಹೊರಟವರಂತೆ ನಿಧಾನವಾಗಿ ಬಂದರು. ತಟ್ಟೆ ತೂಗಿತು. ಆಮೇಲೆ ಹಾಡು ಎದ್ದಿತು. ಗಂಡಸಿನ ದನಿ.

"ನಿಮ್ಮ ಪ್ಲೇಯರ್ ನಿಧಾನ ಇದೆ," ಎಂದಳು ಕಡ್ಡಿ. "ಇದನ್ನ ಹಾಡಿರೋದು ಹೆಂಗಸು."

ಬಾಸ್‌ನವನು ವಾದ್ಯಕ್ಕೆ ಹಣೆ ಆನಿಸಿ ನಗತೊಡಗಿದ. "ಹೌದಮ್ಮ, ಹೆಂಗಸೇ. ದಿನಾ ಬೆಳಿಗ್ಗೆ ಮೀಸೆ ಬೋಳಿಸ್ಕೊಳ್ತಿದ್ಲು."

ಅವಳು ನಗಲಿಲ್ಲ. ಗಡಿಯಾರದವರ ಮಗಳಲ್ಲವೇ, ಕೈಯ ಗಡಿಯಾರ ಬಿಚ್ಚಿ ಹಿಡಿದು, ರೆಕಾರ್ಡಿನ ನಡುವಿನ ಕೆಂಪು ಚೀಟಿ ಎಷ್ಟು ಸಲ ತಿರುಗುತ್ತದೆ ಎಂದು ಒಂದು ನಿಮಿಷ ಎಣಿಸಿದಳು. ಮೂವತ್ತಮೂರು, ಮೇಲೊಂದು ಚೂರು. ಗೊತ್ತಿದ್ದವರು ಯಾರನ್ನು ಕೇಳಿದರೂ ಇರಬೇಕಾದದ್ದು ಅಷ್ಟೇ ಎನ್ನುತ್ತಿದ್ದರು. ಅವಳು ಯಾರನ್ನೂ ಕೇಳಿರಲಿಲ್ಲ.

ಮೇಷ್ಟ್ರು ಕೆಟ್ಟವರೇನಲ್ಲ. ಮೆಟ್ಟಿಲ ತನಕ ಬಂದರು. "ನೋಡಮ್ಮ, ಸೊನ್ನೆಯಿಂದ ಶುರು ಮಾಡೋರಿಗೆ ನಾನು ಕಲಿಸಿಬಿಡ್ತೀನಿ. ನೀನು ಸೊನ್ನೆಗಿಂತ ಒಂಬತ್ತು ವರ್ಷ ಹಿಂದಿದ್ದೀಯ."

ಅವಳು ಸೀದಾ ಅಂಗಡಿಗೆ ಬಂದು ಹಿಂದಿನ ಕೋಣೆಯಲ್ಲಿ ರೆಕಾರ್ಡು ಹಾಕಿ ಮತ್ತೆ ಎಣಿಸಿದಳು. ಎರಡು ಸಲ ಎಣಿಸಿದಳು. ಹೊರಗೆ ಬಂದು ಅಪ್ಪನ ಮೇಜಿನ ಮುಂದೆ ನಿಂತಳು. ಅಪ್ಪ ಚಿಮುಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗನ್ನು ಹಿಡಿದಿದ್ದರು.

"ಅಪ್ಪಾ, ಅದು ನಲವತ್ತು ಸುತ್ತುತ್ತೆ."

"ಹೂಂ."

"ನಿನಗೆ ಗೊತ್ತಿತ್ತಾ?"

"ಉಂಗುರ ಕಡೆದೋನು ನಾನು. ನನಗೆ ಗೊತ್ತಿಲ್ದೆ ಪಕ್ಕದ ಚಪ್ಪಲಿ ಅಂಗಡಿಯವನಿಗೆ ಗೊತ್ತಿರುತ್ತಾ?"

"ಯಾಕೆ ಹಾಗೆ ಮಾಡ್ದೆ?"

ಅಪ್ಪ ಸ್ಪ್ರಿಂಗನ್ನು ಅದರ ಜಾಗಕ್ಕೆ ಇಳಿಸಿ, ಅದು ಕೂತಿತು ಎಂದು ಖಾತ್ರಿಯಾದ ಮೇಲೆ ತಲೆ ಎತ್ತಿದರು. "ಉಂಗುರ ದಪ್ಪ ಆದಷ್ಟೂ ರೆಕಾರ್ಡು ಬೇಗ ಸುತ್ತುತ್ತೆ. ಇಪ್ಪತ್ತು ನಿಮಿಷದ ಗಲಾಟೆ ಹದಿನೇಳಕ್ಕೆ ಮುಗಿಯುತ್ತಲ್ಲ ಅಂತ ಒಂದಿಷ್ಟು ದಪ್ಪ ಕಡೆದೆ. ಎರಡು ದಿನದ ಹುಚ್ಚು, ಬಿಟ್ಟುಬಿಡ್ತೀಯ ಅಂದ್ಕೊಂಡಿದ್ದೆ. ನೀನು ಬಿಡಲಿಲ್ಲ. ಆಮೇಲೆ ಹೇಳೋಕೆ ಏನಿತ್ತು?"

"ದಿನಾ ಹಿಂದೆ ಬಿದ್ದೆ, ಹಿಂದೆ ಬಿದ್ದೆ ಅಂತಿದ್ಯಲ್ಲ."

"ಬಿದ್ದಿದ್ದೆ. ಹೇಳ್ದೆ. ಅದರಲ್ಲಿ ಸುಳ್ಳೇನಿತ್ತು?"

ಕಡ್ಡಿ ಒಳಗೆ ಹೋಗಿ ಇನ್ನೂ ತಿರುಗುತ್ತಿದ್ದ ರೆಕಾರ್ಡನ್ನು ನಿಲ್ಲಿಸಿದಳು.

ಮರುದಿನ ಅವಳು ತಾನೇ ಲೇತಿನ ಮುಂದೆ ಕುಳಿತು ಸರಿಯಾದ ಅಳತೆಯ ತೆಳು ಉಂಗುರ ಕಡೆದಳು. ಮೂವತ್ತಮೂರು ಸುತ್ತಿನಲ್ಲಿ ಮೂವರೂ ಅಪರಿಚಿತರಾಗಿ ಕುಳಿತರು. ಮೂರು ತಿಂಗಳು ಅವರ ಹಿಂದೆ ನಡೆಯಲು ಒದ್ದಾಡಿದಳು. ಕೈ ಕೇಳಲಿಲ್ಲ. ನಾಲ್ಕನೆಯ ತಿಂಗಳು ಬಲಗೈಯ ಎರಡು ಬೆರಳು ಮರಗಟ್ಟಿದವು, ಡ್ರಮ್ಮಿನ ಕಡ್ಡಿ ತಾನಾಗಿ ಜಾರಿ ನೆಲಕ್ಕೆ ಬಿತ್ತು. ಡಾಕ್ಟರು ಈ ಸಲ ಬುದ್ಧಿವಾದ ಹೇಳಲಿಲ್ಲ. ಆ ಬೆರಳುಗಳು ಮತ್ತೆ ತಿರುಗಿ ಬರುವುದಿಲ್ಲ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಹೋಟೆಲಿನ ಕುರ್ಚಿಯಲ್ಲಿ ಆಗಲೇ ಒಬ್ಬ ಬಸ್ ಕಂಡಕ್ಟರ್ ಕುಳಿತಿದ್ದ, ಎರಡೇ ವರ್ಷ ಕಲಿತವನು. ಚೆನ್ನಾಗಿ ತೂಗುತ್ತಾನೆ ಎಂದು ಜನ ಹೇಳಿದರು.

ಕಡ್ಡಿ ತೆಳು ಉಂಗುರವನ್ನು ಕಿತ್ತು ಒಂದು ಬೆಂಕಿಪೊಟ್ಟಣದಲ್ಲಿ ಹಾಕಿ ಡ್ರಾಯರಿನಲ್ಲಿಟ್ಟಳು, ದಪ್ಪ ಉಂಗುರವನ್ನೇ ಮತ್ತೆ ಕೂರಿಸಿದಳು. ಒಂಬತ್ತು ವರ್ಷ ಅವಳ ಜೊತೆಗಿದ್ದವರು ಆ ವೇಗದಲ್ಲಿ ಮಾತ್ರ ಇದ್ದರು. ಡ್ರಮ್ಮುಗಳ ಮೇಲೆ ಹಳೆಯ ದುಪ್ಪಟಿ ಹೊದಿಸಿದಳು. ಗಡಿಯಾರದ ಪಟ್ಟಿ ಬದಲಿಸಲು ಮೂರು ಬೆರಳು ಸಾಕಾಗುತ್ತಿತ್ತು.

ನಾಲ್ಕು ವರ್ಷ ಕಳೆಯಿತು. ಅಣ್ಣನ ಮಗಳು ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು ಕೂರುವುದು ರೂಢಿಯಾಯಿತು. ಒಂದು ದಿನ ಅವಳು ಮಗ್ಗಿ ಬಾಯಿಪಾಠ ಮಾಡುತ್ತ, ಎರಡು ಸಣ್ಣ ಸ್ಕ್ರೂಡ್ರೈವರುಗಳಿಂದ ಗಾಜಿನ ಪೆಟ್ಟಿಗೆಯ ಮೇಲೆ ಸುಮ್ಮನೆ ತಟ್ಟುತ್ತಿದ್ದಳು. ಟಿಂಗ್, ಟಿಂಗ್‌ಟ ಟಿಂಗ್. ಯಾರೂ ಕಲಿಸಿರಲಿಲ್ಲ. ಅದು ತೂಗುತ್ತಿತ್ತು.

ಕಡ್ಡಿಯ ಕೈಯಲ್ಲಿದ್ದ ಪಿನ್ನು ಕೆಳಗೆ ಬಿತ್ತು. ಅದನ್ನು ಹುಡುಕಲು ಅವಳು ಬಗ್ಗಲಿಲ್ಲ.

"ಕಲಿಸ್ತೀಯಾ ಅತ್ತೆ?" ಎಂದಳು ಹುಡುಗಿ. "ಆ ಹೋಟೆಲಿನ ತಂಡದಲ್ಲಿ ಬಾರಿಸಬೇಕು ಅಂತ ಆಸೆ ನನಗೆ."

"ಕಲಿಸೋಕೆ ನಾನು ಯಾರು. ಒಳಗೆ ಮೂವರಿದ್ದಾರೆ, ಅವರ ಹತ್ರ ಕಲಿ."

ದುಪ್ಪಟಿ ತೆಗೆದು ಕೊಟ್ಟಳು. ಚೌಕಳಿ ಪುಸ್ತಕಗಳನ್ನೂ ಕೊಟ್ಟಳು. ಹುಡುಗಿ ಒಳಗೆ ಹೋದಮೇಲೆ ಅಪ್ಪ ಮಸೂರ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಈಗ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು, ಮೊಮ್ಮಗಳೆಂದರೆ ಪ್ರಾಣ.

"ಆ ತೆಳು ಉಂಗುರ ಹಾಕಿಕೊಡೇ," ಎಂದರು ಮೆಲ್ಲಗೆ.

"ಯಾವ ಉಂಗುರ?" ಎಂದಳು ಕಡ್ಡಿ.

ಅಪ್ಪ ಡ್ರಾಯರನ್ನು ನೋಡಿದರು, ಮಗಳ ಬಲಗೈಯನ್ನು ನೋಡಿದರು. ಆಮೇಲೆ ಮಸೂರವನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡರು. ಹಲಗೆಯ ಆಚೆ ಸೂಜಿ ರೆಕಾರ್ಡಿಗೆ ತಾಗಿದ ಸದ್ದಾಯಿತು. ಟೋಪಿಯವರು ಓಡತೊಡಗಿದರು. ಹುಡುಗಿಯ ಕಡ್ಡಿ ತಟ್ಟೆಯ ಮೇಲೆ ಅವರ ಬೆನ್ನು ಹತ್ತಿತು, ಎಡವಿತು, ಮತ್ತೆ ಹತ್ತಿತು.

"ಹಿಂದೆ ಬಿದ್ದೆ," ಎಂದಳು ಕಡ್ಡಿ.

ಸ್ವಲ್ಪ ಹೊತ್ತಿಗೆ ಹಾಡು ಶುರುವಾಯಿತು. ಹುಡುಗಿ ಬಾಗಿಲಿನಿಂದ ತಲೆ ಹೊರಗೆ ಹಾಕಿದಳು. ಅವಳ ಕೈಯಲ್ಲಿ ಹೊದಿಕೆಯಿತ್ತು.

"ಅತ್ತೆ, ಹಾಡ್ತಿರೋದು ಹೆಂಗಸು ಅಲ್ವಾ?"

"ಹೂಂ, ಹೆಂಗಸೇ."

"ಮತ್ತೆ ಅವಳ ಫೋಟೊ ಯಾಕೆ ಹಾಕಿಲ್ಲ?"

ಕಡ್ಡಿ ಒಂದು ಹೊಸ ಪಟ್ಟಿಯನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ಅದರ ತೂತುಗಳನ್ನು ನೋಡಿದಳು.

"ಚೆಂದ ಇಲ್ಲವೇನೋ," ಎಂದಳು.