ಹಸಿದು ಬರುತ್ತಿದ್ದ ಖೈರೂನ್ ಆಂಟಿ

ಸಾವಾದ ಮನೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ನಮ್ಮ ಚಿಕಾಗೋ ಕಡೆಯ ಕನ್ನಡಿಗರಂತೂ ಪಲಾವು, ಮೊಸರನ್ನ, ಚಪಾತಿ ಎಂದು ಅಲ್ಯೂಮಿನಿಯಂ ಟ್ರೇಗಳನ್ನು ಹೊತ್ತು ತಂದು, ಫ್ರೀಜರಿನ ಬಾಗಿಲು ಮುಚ್ಚದಂತೆ ಮಾಡಿ ಹೋಗುತ್ತಾರೆ. ಖೈರೂನ್ ಆಂಟಿ ಮಾತ್ರ ಬರಿಗೈಯಲ್ಲಿ ಬರುತ್ತಿದ್ದರು. ಸಾಲದ್ದಕ್ಕೆ ಬರಿಹೊಟ್ಟೆಯಲ್ಲಿ ಬರುತ್ತಿದ್ದರು. ಬಂದವರೇ ಅಡುಗೆಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು, ಗಂಡಿನ ಕಡೆಯ ಬೀಗರ ಗತ್ತಿನಲ್ಲಿ, "ಹೊಟ್ಟಿ ಹಸದೈತಿ ನೋಡವಾ, ಏನರ ಮಾಡು" ಎನ್ನುತ್ತಿದ್ದರು.

ಆಂಟಿ ಗದಗದವರು. ಐದಡಿ ಮುಟ್ಟದ ಎತ್ತರ, ಸಲ್ವಾರಿನ ಮೇಲೆ ಮಗಳು ಕಾಲೇಜಿನಲ್ಲಿ ಹಾಕಿ ಬಿಟ್ಟ ಸ್ವೆಟ್‌ಶರ್ಟು, ಕಾಲಿಗೆ ಬಿಳಿ ಸ್ನೀಕರ್ಸ್. ಗಂಡನ ಜೊತೆ ಭಾರತೀಯ ಅಂಗಡಿಗಳ ಬೀದಿಯಾದ ಡೆವನ್ ಅವೆನ್ಯೂನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. ನಮ್ಮಲ್ಲಿ ಅರ್ಧ ಜನರ ಬ್ಲೌಸು ಅವರ ಕೈಯದೇ. ಗಂಡನಿಗೆ ಮರೆವಿನ ಕಾಯಿಲೆ ಹತ್ತಿದಾಗ ಅಂಗಡಿ ಮುಚ್ಚಿ, ಕೊನೆಯತನಕ ತಾವೇ ನೋಡಿಕೊಂಡರು. ಅವರು ತೀರಿಕೊಂಡ ಮೇಲೆ ಆಂಟಿ ಈ ಕೆಲಸ ಹಿಡಿದರು. ಡಿಮೆನ್ಷಿಯಾ ಆದವರೊಬ್ಬರು ಹೋದರೆಂದು ಗೊತ್ತಾದರೆ, ಬಂಧುಗಳೆಲ್ಲ ವಿಮಾನ ಹತ್ತುವವರೆಗೆ ಸುಮ್ಮನಿದ್ದು, ಆಮೇಲೆ ಹಳೆಯ ವ್ಯಾನು ಹತ್ತಿ ಆ ಮನೆಗೆ ಹೊರಡುತ್ತಿದ್ದರು. ಎಷ್ಟೇ ಮೈಲಿ ಇರಲಿ, ಹೈವೇಯಲ್ಲಿ ನಿಧಾನಕ್ಕೆ ಹೋಗುವವರ ಬಲಗಡೆಯ ಲೇನ್ ಬಿಡುತ್ತಿರಲಿಲ್ಲ. ಯಾಕೆ ಇಷ್ಟು ನಿಧಾನ ಎಂದು ಕೇಳಿದರೆ ಹೇಳುತ್ತಿದ್ದರು: "ಎಡಗಡಿ ಲೇನ್ ಅವಸರದ ಮಂದೀದು. ನಾ ಹೋಗೋ ಮನ್ಯಾಗ ಅವಸರ ಮುಗದಿರತೈತಿ."

ಪ್ಲೇನ್‌ಫೀಲ್ಡಿನ ನಮ್ಮ ಮನೆಗೆ ಅವರು ಬಂದದ್ದು ಮಾವನವರ ಹದಿಮೂರನೆಯ ದಿನದ ಊಟ ಮುಗಿದು, ನನ್ನ ಗಂಡ ಮತ್ತೆ ಆಫೀಸಿಗೆ ಹೋಗತೊಡಗಿದ ಮೇಲೆ. ಮಾವನವರನ್ನು ನೋಡಿಕೊಳ್ಳಲು ನಾನು ಕೆಲಸ ಬಿಟ್ಟಿದ್ದೆ. ಅವರಿಗೆ ಉಣಿಸಿ, ಮೀಯಿಸಿ, ಸಂಜೆ "ನಮ್ಮನೆಗೆ ಹೋಗೋಣಮ್ಮ" ಎಂದು ಹಟ ಹಿಡಿದಾಗ ಕಾರಿನಲ್ಲಿ ನಮ್ಮ ಬಡಾವಣೆ ಸುತ್ತಿಸಿ ಅದೇ ಮನೆಗೆ ಕರೆತರುವುದರಲ್ಲಿ ವರ್ಷಗಳು ಹೋಗಿದ್ದವು. ಈಗ ಅವರಿಲ್ಲ. ಇನ್ನು ನಾನು ಯಾರು, ಬೆಳಗಾದರೆ ಏನು ಮಾಡಬೇಕು ಎಂಬುದೇ ತಿಳಿಯುತ್ತಿರಲಿಲ್ಲ.

ಫ್ರೀಜರಿನಿಂದ ಪಲಾವು ತೆಗೆಯಲು ಹೋದರೆ ಆಂಟಿ ತಡೆದರು. ಮಂದಿ ಮಾಡಿದ್ದು ತಿನ್ನೋಕೆ ಇಷ್ಟು ದೂರ ಬಂದಿಲ್ಲವಂತೆ. ಸರಿ, ಉಪ್ಪಿಟ್ಟು ಮಾಡೋಣವೆಂದು ಒಲೆಯ ಮುಂದೆ ನಿಂತೆ. ಸ್ವೆಟರಿನ ಜೇಬಿನಿಂದ ಒಲೆಯ ನಾಬ್ ತೆಗೆದು ಸಿಕ್ಕಿಸಿದೆ. ಮಾವನವರು ಒಲೆ ಹಚ್ಚಿ ಮರೆತುಬಿಡುತ್ತಿದ್ದರಿಂದ ಅಡುಗೆಯಾದ ಕೂಡಲೇ ನಾಬ್‌ಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದು ನನ್ನ ಅಭ್ಯಾಸವಾಗಿತ್ತು.

"ಈಗ ಯಾರಿಂದ ಮುಚ್ಚಿಡಾಕತ್ತಿ?" ಎಂದರು ಆಂಟಿ.

ಜೇಬಿನಲ್ಲಿ ಉಳಿದಿದ್ದ ನಾಬ್‌ಗಳನ್ನು ಮುಟ್ಟಿ ನೋಡಿಕೊಂಡೆ. ಅವರೇ ತಮ್ಮ ಕಥೆ ಹೇಳಿದರು. ಅವರ ಸಾಹೇಬರು, ಅಂದರೆ ಗಂಡ, ಹಿಮದಲ್ಲೂ ಹೊರಟುಬಿಡುತ್ತಿದ್ದರಂತೆ. ಬೂಟು ಕಾಣದಿದ್ದರೆ ಮಾತ್ರ ಬಾಗಿಲು ದಾಟುತ್ತಿರಲಿಲ್ಲ. ಅದಕ್ಕೆ ಆಂಟಿ ಮನೆಗೆ ಬಂದವರ ಬೂಟನ್ನೂ ಸೇರಿಸಿ ಎಲ್ಲವನ್ನೂ ವಾಷಿಂಗ್ ಮಷೀನಿನಲ್ಲಿ ಬಚ್ಚಿಡುತ್ತಿದ್ದರು. ಸಾಹೇಬರು ಹೋದ ಮೇಲೂ ಅದೇ ರೂಢಿ. ಒಂದು ದಿನ ಮರೆತು ಆ ಬೂಟುಗಳ ಮೇಲೇ ದುಪಟ್ಟಾಗಳನ್ನು ತುಂಬಿ, ಸೋಪು ಹಾಕಿ ಮಷೀನ್ ತಿರುಗಿಸಿಯೇಬಿಟ್ಟರು. "ಮಷೀನು ಹಿಂಗ ಕುಣೀತಿತ್ತು, ನಾ ಭೂಕಂಪ ಅಂತ ಹೊರಗ ಓಡಿದೆ, ಬರಿಗಾಲಾಗ" ಎಂದು ಕೂತಲ್ಲೇ ಕುಣಿದು ತೋರಿಸಿದರು. ನಾನು ನಕ್ಕೆ. ಮನೆಯಲ್ಲಿ ನಗು ಕೇಳಿ ನನಗೇ ಗಾಬರಿಯಾಯಿತು.

ಉಪ್ಪಿಟ್ಟನ್ನು ತಟ್ಟೆ ತುಂಬ ತಿಂದರು. ನುಂಗಲು ಕಷ್ಟವಾಗದಂತೆ ಮೆತ್ತಗೆ ಬೇಯಿಸಿದ, ಸಾಸಿವೆ ಮೆಣಸಿನಕಾಯಿ ಯಾವುದೂ ಇಲ್ಲದ ಉಪ್ಪಿಟ್ಟು. ಕೈತೊಳೆದು ಬಂದು, "ಇದು ನಿಮ್ಮ ಮಾವಾರ ಉಪ್ಪಿಟ್ಟು. ನಿಂದು ಹ್ಯಾಂಗ ಇರತೈತಿ?" ಎಂದರು. ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ನನ್ನ ರುಚಿ ನನಗೇ ಮರೆತುಹೋಗಿತ್ತು.

ಹೊರಡುವಾಗ, ನಿದ್ದೆ ಬರುತ್ತಾ ಎಂದು ವಿಚಾರಿಸಿದರು. ಚೆನ್ನಾಗಿಯೇ ಬರುತ್ತಿದೆ, ಮಾವನವರು ಹೋದ ರಾತ್ರಿಯಿಂದಲೂ ಬರುತ್ತಿದೆ, ಅದಕ್ಕೇ ನಾಚಿಕೆಯಾಗುತ್ತಿದೆ ಎಂದು ತಲೆ ತಗ್ಗಿಸಿದೆ. ಗಂಡನಿಗೂ ಹೇಳದ ಮಾತು ಅದು. ಆಂಟಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ದಣದ ಮೈ ಮಲಗತೈತಿ. ಅದರಾಗ ಪ್ರೀತಿ ಕಡಿಮಿ ಆದಂಗೇನು?"

ಆಮೇಲೆ ವಾರವಾರವೂ ಬಂದರು, ಪ್ರತಿ ಸಲವೂ ಹಸಿದುಕೊಂಡೇ. ಒಂದೊಂದಾಗಿ ಸಾಸಿವೆ ಬಂತು, ಕರಿಬೇವು ಬಂತು, ಹಸಿಮೆಣಸಿನಕಾಯಿ ಬಂತು. ಒಂದು ಮಧ್ಯಾಹ್ನ ರವೆ ಹುರಿಯುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಮೈಸೂರಿನಲ್ಲಿ ಅಣ್ಣನ ಜೊತೆ ನಾನು ಜಗಳವಾಡುತ್ತಿದ್ದದ್ದು ಬಾಣಲೆಯ ತಳ ಹತ್ತಿದ, ಕೆಂಪಗೆ ಗರಿಗರಿಯಾದ ಉಪ್ಪಿಟ್ಟಿಗೆ. ಬೇಕೆಂದೇ ತಳ ಹತ್ತಿಸಿದೆ. ಸ್ಮೋಕ್ ಅಲಾರಂ ಅರಚಿಕೊಂಡಿತು. ಆಂಟಿ ಕುರ್ಚಿ ಹತ್ತಿ ದುಪಟ್ಟಾ ಬೀಸಿದರೂ ಅದು ನಿಲ್ಲಲಿಲ್ಲ, ಪಕ್ಕದ ಮನೆಯವರು ಓಡಿ ಬಂದರು. ಆಂಟಿ ಅವರಿಗೂ ಒಂದೊಂದು ಚಮಚ ತಿನ್ನಿಸಿ, ಬಾಣಲೆ ಕೆರೆಯುತ್ತಾ, "ಈಗ ನೋಡು, ಇದು ನಿಂದು" ಎಂದರು. ಆ ದಿನ ನಾಬ್‌ಗಳು ಒಲೆಯಲ್ಲೇ ಉಳಿದವು.

ಒಮ್ಮೆ ನನ್ನನ್ನೂ ಎಲ್ಕ್ ಗ್ರೋವ್ ವಿಲೇಜಿನ ಒಂದು ಮನೆಗೆ ಕರೆದುಕೊಂಡು ಹೋದರು. ಬೆಳಗಿನ ತಿಂಡಿ ತಿನ್ನಬೇಡ ಎಂದು ಮೊದಲೇ ತಾಕೀತಾಗಿತ್ತು. ಅಲ್ಲಿನ ಶ್ರೀಧರ ಅಂಕಲ್ ಹೆಂಡತಿಯನ್ನು ಕಳೆದುಕೊಂಡು ತಿಂಗಳಾಗಿತ್ತು. ದೋಸೆ ಹುಯ್ದು, ಕತ್ತರಿಯಿಂದ ಚೂರುಚೂರು ಮಾಡಿ ತಂದಿಟ್ಟರು. ಅಷ್ಟೇ ಆಗಿದ್ದರೆ ಸರಿ, ಮಾತಾಡುತ್ತಾ ಮಾತಾಡುತ್ತಾ ಒಂದು ಟವೆಲ್ ತಂದು ಆಂಟಿಯ ಕೊರಳಿಗೆ ಕಟ್ಟಿಬಿಟ್ಟರು. ಗಂಟು ಹಾಕಿದ ಮೇಲೆ ಎಚ್ಚರವಾಗಿ ಅವರ ಮುಖ ಕೆಂಪೇರಿತು. ಆಂಟಿ ಗಲ್ಲ ಎತ್ತಿ ಕೂತು, "ಇರಲಿ ಬಿಡ್ರಿ ಅಣ್ಣಾರ, ಚಟ್ನಿ ಚೆಲ್ಲಿಕೊಳ್ಳೋದರಾಗ ನಾನೂ ಏನ್ ಕಮ್ಮಿ ಇಲ್ಲ" ಎಂದು ಟವೆಲ್ ಬಿಚ್ಚದೆಯೇ ದೋಸೆ ಚೂರುಗಳನ್ನೆಲ್ಲ ಮುಗಿಸಿದರು. ಅಂಕಲ್ ಮೊದಲು ನಕ್ಕರು, ಆಮೇಲೆ ಅತ್ತರು, ಆಮೇಲೆ ಇನ್ನೊಂದು ದೋಸೆ ಹುಯ್ಯಲು ಎದ್ದರು. ಬರುವಾಗ ವ್ಯಾನಿನಲ್ಲಿ ಆಂಟಿ ಹೇಳಿದ್ದು ಇಷ್ಟೇ: "ಉಣಿಸಿ ಉಣಿಸಿ ರೂಢಿ ಆದ ಕೈ ಒಮ್ಮಿಗೇ ಖಾಲಿ ಕುಂತ್ರ ದಿಕ್ಕ ತಪ್ಪತೈತಿ. ಅದಕ್ಕ ಒಂದು ಬಾಯಿ ಬೇಕು. ನನ್ನ ಬಾಯಿ ಹೆಂಗೂ ದೊಡ್ಡದೈತಿ."

ನಾನು ಲೈಬ್ರರಿಯಲ್ಲಿ ಕೆಲಸಕ್ಕೆ ಅಪ್ಲೈ ಮಾಡಿ, ಕೆಲಸ ಸಿಕ್ಕಿದ ವಾರ ಆಂಟಿ ಮತ್ತೆ ಬಂದರು. ಈ ಸಲ ಕೈಯಲ್ಲಿ ಡೆವನ್‌ನಿಂದ ತಂದ ಜಿಲೇಬಿಯ ಡಬ್ಬಿ. ಉಪ್ಪಿಟ್ಟು ಬಡಿಸಲು ಹೋದರೆ, "ಬ್ಯಾಡವಾ, ಉಂಡ ಬಂದೀನಿ" ಎಂದರು. ನನಗೆ ಮೊದಲು ಮುನಿಸು ಬಂತು. ಆಮೇಲೆ ಅರ್ಥವಾಗಿ, ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ನಾಲ್ಕು ಜಿಲೇಬಿ ತಿಂದೆ. ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿರುವ ಮಗಳು ಸಮೀನಾಳ ಮನೆಗೆ ಹೋಗಿ ಇರುತ್ತೇನೆಂದು ಅವತ್ತೇ ತಿಳಿಸಿದರು. ಕೈಬೀಸಿ, ವ್ಯಾನನ್ನು ಬಲಗಡೆಗೇ ಒತ್ತಿಕೊಂಡು ಹೋದರು. ಅವರು ಅವರಾಗಿಯೇ ಇದ್ದಾಗ ನಾನು ನೋಡಿದ್ದು ಅದೇ ಕೊನೆ.

ಕ್ಯಾಂಟನ್‌ಗೆ ಹೋದ ಮೇಲೆ ಅವರಿಗೂ ಅದೇ ಮರೆವು ಹಿಡಿಯಿತು. ಸಮೀನಾಳೇ ನೋಡಿಕೊಂಡಳು. ಈ ವಸಂತದಲ್ಲಿ ಆಂಟಿ ಹೋದರು. ಮೂರು ದಿನದ ಜನ, ನಲವತ್ತು ದಿನದ ಜನ ಎಲ್ಲ ಬಂದು ಹೋಗುವವರೆಗೆ ಕಾದು, ಒಂದು ಭಾನುವಾರ ಏನೂ ತಿನ್ನದೆ ಹೊರಟೆ. ಮಿಷಿಗನ್‌ವರೆಗೂ ಪ್ರತಿ ಎಕ್ಸಿಟ್‌ನಲ್ಲೂ ತಿಂಡಿಯ ಬೋರ್ಡುಗಳು ಕಾಡಿದವು. ಬಲಗಡೆಯ ಲೇನಿನಲ್ಲೇ ಹೋದೆ.

ಸಮೀನಾ ಇಲ್ಲೇ ಹುಟ್ಟಿದವಳು. ಬಾಗಿಲು ತೆರೆದು, ಮಸೀದಿಯವರು ಕೊಟ್ಟ ಬಿರಿಯಾನಿ ಫ್ರೀಜರಿನಲ್ಲಿದೆ, ನಿಮಗೆ ತರಕಾರಿಯದೂ ಇದೆ ಎಂದು ಇಂಗ್ಲಿಷಿನಲ್ಲಿ ಉಪಚಾರ ಮಾಡಿದಳು. ಅದೆಲ್ಲ ಬೇಡ, ನೀನೇ ಏನಾದರೂ ಮಾಡು ಎಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, ಬ್ರೆಡ್ಡಿಗೆ ಚೀಸ್ ಹಾಕಿ ಕಾವಲಿಯ ಮೇಲಿಟ್ಟಳು. ಅಂಚು ಕತ್ತರಿಸಿ, ಆರಿಸಿ, ಬೆರಳಗಲದ ತುಂಡು ಮಾಡಿ ಕೊಟ್ಟಳು. ನಾನು ಎಲ್ಲವನ್ನೂ ತಿಂದೆ.

ಹೊರಡಲು ಬಾಗಿಲ ಬಳಿ ಬಂದರೆ ನನ್ನ ಶೂ ಇರಲಿಲ್ಲ. ಇಬ್ಬರೂ ಹುಡುಕಿದೆವು. ಸಮೀನಾ ತಟ್ಟನೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಹೋಗಿ ವಾಷಿಂಗ್ ಮಷೀನ್ ತೆರೆದಳು. ನನ್ನ ಶೂ ಅಲ್ಲಿತ್ತು, ಪಕ್ಕದಲ್ಲಿ ಆಂಟಿಯ ಬಿಳಿ ಸ್ನೀಕರ್ಸ್. ಅವಳು ಸಾರಿ, ಅಮ್ಮನಿಂದ ಬಚ್ಚಿಟ್ಟೂ ಬಚ್ಚಿಟ್ಟೂ ಕೈಗೆ ರೂಢಿಯಾಗಿಬಿಟ್ಟಿದೆ ಎಂದು ಶುರು ಮಾಡಿದಳು, ಅಷ್ಟರಲ್ಲಿ ನಗು ಬಂದು ಹೊಟ್ಟೆ ಹಿಡಿದು ಅಲ್ಲೇ ನೆಲದ ಮೇಲೆ ಕೂತಳು. ನಾನೂ ಕೂತೆ. ನಗು ನಿಂತ ಮೇಲೆ ಅವಳು ಅಮ್ಮನ ಸ್ನೀಕರ್ಸ್ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅತ್ತಳು. ನಾನು ಎದ್ದೆ. ಶೂ ಹಾಕಿಕೊಳ್ಳದೆ ಅಡುಗೆಮನೆಗೆ ವಾಪಸು ಹೋಗಿ, ಕುರ್ಚಿ ಎಳೆದುಕೊಂಡು ಕೂತೆ.

"ಇನ್ನೊಂದು ಮಾಡು ಸಮೀನಾ," ಎಂದೆ. "ಈ ಸಲ ನಿಂಗೆ ಹೇಗೆ ಇಷ್ಟಾನೋ ಹಾಗೆ ಮಾಡು. ನಂಗಿನ್ನೂ ಹಸಿವಿದೆ."