ಲೈಬ್ರರಿಯ ಚಪ್ಪಲಿ ಫೋಟೊ

ಚೆನ್ನೈನ ರಾಯಪುರಂನಲ್ಲಿರುವ ನಮ್ಮ ಮನೆಯಿಂದ ಮೂರು ಬೀದಿ ಆಚೆ ಒಂದು ಲೈಬ್ರರಿ ಇದೆ. ಅದು ಸೋಶಿಯಲ್ ಮೀಡಿಯಾದಲ್ಲಿ ಪೇಜು ತೆರೆದ ಹೊಸದರಲ್ಲಿ ನಾನು ಮನಸಾರೆ ಆಡಿಕೊಂಡಿದ್ದೆ. ನಾಲ್ಕು ಜನ ಬರುವ ಹಾಗೆ ಏನಾದರೂ ಹಾಕಿ ಎಂದು ಮೇಲಿನಿಂದ ಆರ್ಡರ್ ಬಂದಿತ್ತಂತೆ. ಲೈಬ್ರೇರಿಯನ್ ಮೊದಲು ಓದುವವರ ಫೋಟೊ ತೆಗೆಯಲು ಹೋದರು. ಅಲ್ಲಿ ಕೂರುವವರಲ್ಲಿ ಹೆಚ್ಚಿನವರು ಸರ್ಕಾರಿ ಪರೀಕ್ಷೆಗೆ ಓದುವವರು. ಕೆಲಸ ಸಿಗುವ ತನಕ ನೆಂಟರ ಕಣ್ಣಿಗೆ ಬೀಳುವುದು ಯಾರಿಗೂ ಬೇಡ. ಎಲ್ಲರೂ ಮುಖಕ್ಕೆ ಪುಸ್ತಕ ಅಡ್ಡ ಹಿಡಿದರು. ಕಡೆಗೆ ಆಕೆ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಫೋಟೊ ತೆಗೆದು, 'ಇಷ್ಟು ಜನ ಒಳಗಿದ್ದೇವೆ, ನಿಮ್ಮ ಜೋಡಿಗೂ ಜಾಗವಿದೆ' ಎಂದು ತಮಿಳಿನಲ್ಲಿ ಬರೆದು ಹಾಕಿದರು. ಜನಕ್ಕೆ ಹಿಡಿಸಿತು. ಆಮೇಲೆ ದಿನಾ ಬೆಳಿಗ್ಗೆ ಅದೇ. ಸರಸ್ವತಿಯನ್ನು ಒಳಗೆ ಕೂರಿಸಿ ಚಪ್ಪಲಿಯನ್ನು ಊರಿಗೆಲ್ಲ ತೋರಿಸುತ್ತಾರಲ್ಲ ಎಂದು ಗಂಡನ ಹತ್ತಿರ ನಗುತ್ತಿದ್ದೆ. ನಕ್ಕರೂ ತಪ್ಪದೆ ನೋಡುತ್ತಿದ್ದೆ ಅನ್ನಿ.

ನನ್ನ ಮಾವನಿಗೆ ಮಾತ್ರ ಆ ಲೈಬ್ರರಿಯ ಸುದ್ದಿ ಎತ್ತಿದರೆ ಆಗುತ್ತಿರಲಿಲ್ಲ. ರೈಲ್ವೆಯಲ್ಲಿದ್ದಾಗಿನಿಂದ ಅಲ್ಲಿಗೆ ಹೋಗಿ ಕನ್ನಡ ಪೇಪರ್ ಓದುತ್ತಿದ್ದರು. ಓದುವವರು ನೀವೊಬ್ಬರೇ ಎಂದು ಅದನ್ನು ನಿಲ್ಲಿಸಿದ ದಿನ, "ಇನ್ನು ಆ ಮೆಟ್ಟಿಲು ಹತ್ತೋನಲ್ಲ" ಎಂದು ಬಂದವರು ವರ್ಷಗಟ್ಟಲೆ ಮಾತು ಉಳಿಸಿಕೊಂಡಿದ್ದರು. ಹಠದಲ್ಲಿ ಅವರನ್ನು ಮೀರಿಸಿದವರಿಲ್ಲ. ತಿಂಡಿಯಾದ ಮೇಲೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದು, ಹನ್ನೊಂದರ ಹೊತ್ತಿಗೆ ಬಂದು ಪಕ್ಕದ ಮನೆಯಿಂದ ಕೀ ಇಸ್ಕೊಳ್ಳುವುದು ಅವರ ರೂಢಿ. ಇತ್ತೀಚೆಗೆ ಮರೆವು ಶುರುವಾಗಿತ್ತು. ಮೊಬೈಲ್ ಕೊಡಿಸಿದರೆ ಅದನ್ನೂ ಮರೆತು ಹೋಗುತ್ತಿದ್ದರು.

ಒಂದು ದಿನ ಆಫೀಸಿಗೆ ಹೊರಡುವಾಗ ನನ್ನ ನೇರಳೆ ಬಣ್ಣದ ಚಪ್ಪಲಿಯಲ್ಲಿ ಒಂದೇ ಕಾಲಿನದು ಇತ್ತು. ಸ್ಟ್ಯಾಂಡಿನ ಕೆಳಗೆ ಬಗ್ಗಿ ನೋಡುವಷ್ಟು ಪುರುಸೊತ್ತಿರಲಿಲ್ಲ. ಬೀದಿನಾಯಿಗೆ ಹಿಡಿಶಾಪ ಹಾಕುತ್ತ, ಹಳೆಯ ಜೋಡಿ ಮೆಟ್ಟಿಕೊಂಡು ಪ್ಯಾರೀಸ್ ಕಾರ್ನರ್‌ನ ಬ್ಯಾಂಕಿಗೆ ಓಡಿದೆ. ಮಧ್ಯಾಹ್ನ ಪಕ್ಕದ ಮನೆಯಾಕೆ ಫೋನ್ ಮಾಡಿದರು. "ತಾತಾ ಇನ್ನುಂ ವರಲಮ್ಮಾ. ಸಾವಿ ಇಂಗೇದಾ ಇರುಕ್ಕು." ಕೀ ಅವರ ಹತ್ತಿರವೇ ಇತ್ತು, ಮಾವ ಬಂದಿರಲಿಲ್ಲ.

ಗಂಡ ಮಣಲಿಯ ಫ್ಯಾಕ್ಟರಿಯಲ್ಲಿ. ಶಿಫ್ಟಿಗೆ ಹೋದರೆ ಮೊಬೈಲನ್ನು ಗೇಟಿನಲ್ಲೇ ಬಿಡಬೇಕು. ಆಟೋದಲ್ಲಿ ಬಂದು ಒಬ್ಬಳೇ ಹುಡುಕಿದೆ. ಸ್ಟೇಷನ್ನಿನ ಬೆಂಚು ಖಾಲಿ. ಕಟಿಂಗ್ ಶಾಪಿನವನು ನೋಡಿಲ್ಲ ಎಂದ. ಮೀನಿನ ಹಾರ್ಬರ್ ಕಡೆ ಹೋದಾಗ ನೀರು ಕಂಡು ಯೋಚಿಸಬಾರದ್ದೆಲ್ಲ ತಲೆಗೆ ಬಂತು. ಲೈಬ್ರರಿ ನೆನಪಿಗೇ ಬರಲಿಲ್ಲ.

ಪೊಲೀಸರಿಗೆ ಕೊಡಲು ಅವರ ಫೋಟೊ ಹುಡುಕೋಣ ಎಂದು ಮೊಬೈಲ್ ತೆಗೆದೆ. ಲೈಬ್ರರಿ ಪೇಜಿನ ನೋಟಿಫಿಕೇಶನ್ ಅಡ್ಡ ಬಂದಿತ್ತು. ತೆಗೆದುಹಾಕಲು ಹೋದ ಬೆರಳು ಜಾರಿ ಅದರ ಮೇಲೇ ಬಿತ್ತು. ಅವತ್ತಿನ ಚಪ್ಪಲಿ ಸಾಲು ತೆರೆದುಕೊಂಡಿತು. ಕೊನೆಯಲ್ಲಿ ಕಂದು ತೊಗಲಿನ ಗಂಡಸರ ಚಪ್ಪಲಿ ಒಂದು, ಅದಕ್ಕೆ ಜೋಡಿಯಾಗಿ ನನ್ನ ನೇರಳೆಯದು ಒಂದು. ಕೆಳಗೆ ಯಾರೋ, ಈ ಜೋಡಿಗೆ ಮದುವೆ ಮಾಡಿಸಿದ ಪುರೋಹಿತರು ಯಾರು ಎಂದು ಬರೆದಿದ್ದರು. ರಸ್ತೆಯಲ್ಲೇ ನಿಂತು ಅತ್ತುಬಿಟ್ಟೆ, ಅಳುತ್ತಲೇ ನಗುವೂ ಬಂತು. ಹೋದ ಜೀವ ಬಂದಂತಾಯಿತು.

ಲೈಬ್ರೇರಿಯನ್ ನನ್ನ ಅವತಾರ ನೋಡಿ ಒಳಗೆ ಕೈ ತೋರಿಸಿದರು. ಮಾವ ಫ್ಯಾನಿನ ಕೆಳಗೆ ತಮಿಳು ಪೇಪರ್ ಹರಡಿಕೊಂಡು ಕೂತಿದ್ದರು. ಅವರು ಮುನಿಸನ್ನೂ ಮರೆತಿದ್ದಾರೆ ಎಂದು ಆಗ ತಿಳಿಯಿತು. ಬೈಯಬೇಕು ಎಂದು ಬಂದವಳು ಪಕ್ಕದ ಕುರ್ಚಿ ಎಳೆದು ಕೂತೆ.

"ಊಟದ ಹೊತ್ತು ಮೀರಿತು ಮಾವ. ಮನೆಗೆ ಬರಬಾರದಾ?"

ಅವರು ನಿಧಾನವಾಗಿ ಪೇಪರ್ ಮಡಚಿದರು. "ಯಾವ ಕಡೆ ತಿರುಗಬೇಕು ಅಂತ ಗೊತ್ತಾಗ್ಲಿಲ್ಲಮ್ಮ. ಯಾರನ್ನಾದ್ರೂ ಕೇಳೋಕೆ ನಾಚಿಕೆ ಆಯ್ತು. ಹೇಗೂ ನೀನು ಬರ್ತೀಯಲ್ಲ ಅಂತ ಕೂತೆ."